ನಮ್ಮ ಸರ್ ಊರಿನಲ್ಲಿ

ಶುಕ್ರವಾರ ರಾತ್ರಿ, ರೈಲಿನಲ್ಲಿ

ಸರ್ ತೀರಿಕೊಂಡಿದ್ದು 2025ರಲ್ಲಿ ಮಳೆಗಾಲ ಹಿಡಿದ ಹೊತ್ತಿಗೆ. ಆಗ ಘಟ್ಟದ ರಸ್ತೆ, ರೈಲು ಎರಡೂ ಅಸ್ತವ್ಯಸ್ತ. ಮಣ್ಣಿಗೆ ಹೋಗೋಕೆ ನಮ್ಮಲ್ಲಿ ಯಾರಿಗೂ ಆಗಲಿಲ್ಲ. ನವೆಂಬರ್ 2ಕ್ಕೆ ಕಥೋಲಿಕರು ತೀರಿಕೊಂಡವರನ್ನೆಲ್ಲ ನೆನೆಯುತ್ತಾರೆ. ಆವತ್ತಿಗಾದರೂ ಕಾರವಾರಕ್ಕೆ ಹೋಗಲೇಬೇಕು ಅಂತ ಹಳೇ ಅಕೌಂಟ್ಸ್ ವಿಭಾಗದ ನಾವು ಮೂವರು ಮಾತಾಡಿಕೊಂಡೆವು. ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆವು. ಬೆಂಗಳೂರಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಕಾರವಾರ.

ಸರ್ ಕಾರವಾರದವರು. ಮನೆಮಾತು ಕೊಂಕಣಿ. ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಆಫೀಸರ್ ಆದರು. ಶಿರಸಿ ಕಡೆ ಕೆಲಸ ಮಾಡಿದರು. ಆಮೇಲೆ ಬ್ಯಾಂಕ್ ಬಿಟ್ಟು ಬೆಂಗಳೂರಿನ ಒಂದು ಕಂಪನಿಗೆ ಹಣಕಾಸು ಮುಖ್ಯಸ್ಥರಾಗಿ ಬಂದರು. ನಾನು ಅವರ ಕೈಕೆಳಗೆ ಸೇರಿದ್ದು ಅಲ್ಲಿ. ನಿವೃತ್ತಿ ಆದ ತಿಂಗಳೇ ಗಂಟು ಮೂಟೆ ಕಟ್ಟಿ ಊರಿಗೆ ವಾಪಸ್. ಭಾನುವಾರದ ಪೂಜೆ ಒಂದನ್ನೂ ತಪ್ಪಿಸಿದವರಲ್ಲ. ಮಾರ್ಚ್ 31ರಂದು ರಾತ್ರಿಯಿಡೀ ಲೆಕ್ಕ ಮುಗಿಸಿದ ಮೇಲೂ, ಮರುದಿನ ಭಾನುವಾರ ಅಂದರೆ ಬೆಳಿಗ್ಗೆ ಏಳಕ್ಕೆ ಚರ್ಚಿನಲ್ಲಿ ಇರುತ್ತಿದ್ದರು. ಪೂಜೆ ಮುಗಿದ ಮೇಲೆ ಮನೆಗೆ ಬರೋಕೆ ಮಾತ್ರ ಎರಡು ಗಂಟೆ ಬೇಕು. ಚರ್ಚಿನ ಅಂಗಳದಲ್ಲಿ ಅವರ ಜೊತೆ ಮಾತಾಡದೆ ಹೋಗುವವರೇ ಇರಲಿಲ್ಲ.

ಈ ರೈಲಿನಲ್ಲಿ ಅವರ ಜೊತೆ ಬಂದಿದ್ದು ನೆನಪಾಯಿತು. ಒಳಗೆ ಕೂತ ಎಲ್ಲರಿಗೂ ಕೊಂಕಣ ರೈಲ್ವೆಯ ಬಂಡವಾಳದ ಕಥೆ ಹೇಳಿದ್ದರು. ಕೊಂಕಣ ರೈಲ್ವೆ ಅನ್ನೋದು ಬೇರೆ ಕಂಪನಿ, 1990ರಲ್ಲಿ ಹುಟ್ಟಿದ್ದು. ಶುರುವಿನ ಷೇರು ಬಂಡವಾಳದಲ್ಲಿ ರೈಲ್ವೆ ಇಲಾಖೆಯ ಪಾಲು ಶೇಕಡಾ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ಹಣ ಬಹುಪಾಲು ಬಾಂಡ್ ಮಾರಿ ಎತ್ತಿದ್ದು. 1998ರಲ್ಲಿ ಇಡೀ ದಾರಿಯಲ್ಲಿ ರೈಲು ಓಡಿತು. ಎದುರು ಸೀಟಿನಲ್ಲಿ ಮೀನು ಬುಟ್ಟಿ ಹಿಡಿದು ಕೂತಿದ್ದ ಹೆಂಗಸಿಗೆ ಅವರು, "ಆ 15ರಲ್ಲಿ ನಿಮ್ಮದೂ ಪಾಲಿದೆ, ತೆರಿಗೆ ಕಟ್ಟಿದ್ದೀರಲ್ಲ, ಸರಿಯಾಗಿ ಕಾಲು ಚಾಚಿ ಕೂತ್ಕೊಳ್ಳಿ" ಅಂದಿದ್ದರು. "ನಾನೆಲ್ಲಿ ತೆರಿಗೆ ಕಟ್ಟೋದು" ಅಂತ ಆಕೆ. ಸೋಪು, ಚಪ್ಪಲಿ, ಸಕ್ಕರೆ ಕೊಂಡಾಗ ಎಷ್ಟು ತೆರಿಗೆ ಕಟ್ಟುತ್ತೀರಿ ಅಂತ ಕುಮಟಾ ಬರೋವರೆಗೂ ಲೆಕ್ಕ ಹಾಕಿ ತೋರಿಸಿದರು. ಆಕೆ ಇಳಿಯುವಾಗ ಮುಖದಲ್ಲಿ ಇದ್ದ ಹೆಮ್ಮೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಶನಿವಾರ

ಬೆಳಕು ಹರಿಯೋ ಹೊತ್ತಿಗೆ ಹೊನ್ನಾವರ. ಶರಾವತಿ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ನೀರಿನ ಮೇಲೆ ಮಂಜು. ಆಮೇಲೆ ಗದ್ದೆ, ತೆಂಗು, ಸುರಂಗ, ಮತ್ತೆ ಗದ್ದೆ. ಭತ್ತ ಕೊಯ್ಲಿಗೆ ಬಂದಿತ್ತು.

ಕಾರವಾರ ಸ್ಟೇಷನ್ ಇರೋದು ಪೇಟೆಯಿಂದ ಹೊರಗೆ, ಶಿರವಾಡದಲ್ಲಿ. ಆಟೋದಲ್ಲಿ ಪೇಟೆಗೆ ಬಂದರೆ ಎಲ್ಲೆಲ್ಲೂ ಹಳದಿ ಕೆಂಪು ಬಾವುಟ. ನವೆಂಬರ್ 1, ರಾಜ್ಯೋತ್ಸವ. ಚರ್ಚಿನ ಲೆಕ್ಕದಲ್ಲಿ ಅದೇ ದಿನ ಸಕಲ ಸಂತರ ಹಬ್ಬ. ಸರ್‌ಗೆ ಎರಡೂ ಬೇಕು. ಬೆಳಿಗ್ಗೆ ಧ್ವಜಾರೋಹಣಕ್ಕೆ ಹೋಗಿ, ನಾಡಗೀತೆ ಪೂರ್ತಿ ಹಾಡಿ, ಸಂಜೆ ಚರ್ಚಿನಲ್ಲಿ ಕೊಯರ್, ಅಂದರೆ ಹಾಡುವ ಗುಂಪಿನ ಜೊತೆ ನಿಲ್ಲುತ್ತಿದ್ದರಂತೆ.

ಮನೆ ಕೋಡಿಬಾಗ ಕಡೆ. ಹಂಚಿನ ಮನೆ, ಮುಂದೆ ಅಬ್ಬಲಿಗೆ ಗಿಡ, ಬಾಗಿಲ ಮೇಲೆ ಏಸುವಿನ ಪಟ. ಸರ್ ಹೆಂಡತಿ, ನಮಗೆಲ್ಲ ಆಂಟಿ, ನಮ್ಮನ್ನ ನೋಡಿ ಅಳಲಿಲ್ಲ. "ಮೊದಲು ತಿನ್ನಿ" ಅಂದರು. ಬಿಸಿ ಪಾವ್, ಬಟಾಣಿ ಬಾಜಿ, ಚಹಾ. ತಿಂದು ಮುಗಿಯೋವರೆಗೆ ಬೇರೆ ಮಾತಿಲ್ಲ. ಆಮೇಲೆ ಒಳಗಿಂದ ಒಂದು ಫೈಲ್ ತಂದು ನನ್ನ ಮುಂದಿಟ್ಟರು.

ಹಸಿರು ಬಟ್ಟೆಯ ಬೆನ್ನಿನ ಹಳೇ ಆಫೀಸ್ ಫೈಲ್. ಮೂಲೆಯಲ್ಲಿ ತುಕ್ಕು ಹಿಡಿಯದ ಹಾಗೆ ಪಿನ್ ಬದಲು ದಾರದ ಟ್ಯಾಗ್. ಮೊದಲ ಹಾಳೆಯಲ್ಲಿ ಸರ್ ಕೈಬರಹ, ನೀಲಿ ಇಂಕು, ಸಾಲಿನ ಕೆಳಗೆ ಸ್ಕೇಲ್ ಇಟ್ಟು ಎಳೆದ ಗೆರೆ. ಮೇಲೆ ಬರೆದಿದ್ದು: "ನಾನು ಹೋದ ಮೇಲೆ". ಕೆಳಗೆ ಒಂದೊಂದಾಗಿ ಕೆಲಸಗಳು. ಮೊದಲು ಫಾದರ್‌ಗೆ ಫೋನ್ ಮಾಡಿ. ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು, ಅಷ್ಟರೊಳಗೆ ಮಾಡಿದರೆ ಶುಲ್ಕ ಇಲ್ಲ. ಪ್ರಮಾಣಪತ್ರದ ಹತ್ತು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ, ಒಂದೊಂದಕ್ಕೆ ಓಡಾಡಬೇಡಿ. ಅದಾದ ಮೇಲೆ ಪಿಂಚಣಿ, ಅದಾದ ಮೇಲೆ ಬ್ಯಾಂಕ್. ಯಾವ ಶಾಖೆ, ಯಾವ ಖಾತೆ, ನಾಮಿನಿ ಯಾರು, ಯಾವ ಕೌಂಟರಿನಲ್ಲಿ ಯಾವ ಫಾರಂ ಕೇಳಬೇಕು. ದಾಖಲೆ ಸರಿ ಇದ್ದರೆ 15 ದಿನದಲ್ಲಿ ಹಣ ಕೊಡಬೇಕು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ, ತಡ ಮಾಡಿದರೆ ಮೆತ್ತಗೆ ನೆನಪಿಸು. ಹಾಳೆಯ ಕೊನೆಯಲ್ಲಿ ಒಂದು ಸಾಲು: "ಫಾರಂ ತುಂಬೋಕೆ ಯಾರನ್ನಾದರೂ ಕರೀಬೇಡ, ನಿನಗೆ ಬರುತ್ತೆ."

ಆಂಟಿಗೆ ಬಂದಿತ್ತು. ಎಲ್ಲ ಫಾರಂ ಅವರೇ ತುಂಬಿದ್ದರು. ಮದುವೆಯಾದಾಗ ಚೆಕ್ಕಿನ ಮೇಲೆ ಎಲ್ಲಿ ಸಹಿ ಹಾಕಬೇಕು ಅಂತ ಗೊತ್ತಿರಲಿಲ್ಲವಂತೆ. "ಪ್ರತಿ ವರ್ಷ ಒಂದು ಸಲ ಈ ಫೈಲ್ ಬಿಚ್ಚಿ ನನಗೆ ಪಾಠ ಮಾಡೋರು. ಸಾಯೋ ಮಾತು ಯಾಕೆ ಅಂತ ನಾನು ಬೈಯೋದು. ಲೆಂಟ್ ಉಪವಾಸದ ಕಾಲ ಶುರುವಾಗೋ ಬೂದಿ ಬುಧವಾರವೇ ಕೂರಿಸಿಕೊಳ್ಳೋರು. ಆವತ್ತು ಹೇಗೂ ಫಾದರ್ ಹಣೆಗೆ ಬೂದಿ ಹಚ್ಚಿ ನೀನು ಮಣ್ಣು ಅಂತ ಹೇಳಿರ್ತಾರಲ್ಲ, ಇನ್ನು ನಾನು ಹೇಳಿದ್ರೆ ಏನು ಅನ್ನೋರು."

ಆಫೀಸಿನಲ್ಲೂ ಇದೇ. ಹೊಸದಾಗಿ ಯಾರೇ ಸೇರಲಿ, ಪರಿಚಯ ಮಾಡಿಕೊಂಡು ಎರಡನೇ ಮಾತೇ "ನಾಮಿನಿ ಹಾಕಿದ್ದೀಯಾ?" ಡ್ರೈವರ್, ಕ್ಯಾಂಟೀನ್ ಹುಡುಗ, ಎಂಡಿ, ಎಲ್ಲರಿಗೂ ಅದೇ ಪ್ರಶ್ನೆ. ನಾಮಿನಿ ಅಂದರೆ ಹಣ ಕೈಗೆ ತೆಗೆದುಕೊಳ್ಳೋನು ಅಷ್ಟೇ, ವಾರಸುದಾರರ ಹಕ್ಕು ಹಾಗೇ ಇರುತ್ತೆ ಅಂತಲೂ ಬಿಡಿಸಿ ಹೇಳೋರು. ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಷೇರುಗಳ ವಿಷಯದಲ್ಲೂ ಇದನ್ನೇ ಹೇಳಿದಾಗ ನಮ್ಮ ಗುಂಪಿಗೆ ಉದ್ದನೆಯ ವಾಯ್ಸ್ ಮೆಸೇಜ್ ಹಾಕಿದ್ದರು. ಕಾರವಾರದಲ್ಲಿ ಈ ಮಾತಿಗೆ ತೂಕ ಜಾಸ್ತಿ. ಇಲ್ಲಿ ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಭಾಗ, ಉಳಿದ ಎರಡು ಭಾಗ ಮಕ್ಕಳಿಗೆ, ಗಂಡು ಹೆಣ್ಣು ಅನ್ನೋ ಭೇದ ಇಲ್ಲದೆ ಸಮನಾಗಿ. ಮಾಜಾಳಿ ಗಡಿ ದಾಟಿ ಗೋವಾಕ್ಕೆ ಕಾಲಿಟ್ಟರೆ ಪೋರ್ಚುಗೀಸರ ಕಾಲದಿಂದ ಬಂದ ಬೇರೆ ನಾಗರಿಕ ಕಾನೂನು. ಅಲ್ಲಿ ಸಾಮಾನ್ಯವಾಗಿ ಮದುವೆಯಾದ ಕೂಡಲೇ ಆಸ್ತಿಯಲ್ಲಿ ಗಂಡ ಹೆಂಡತಿಗೆ ಅರ್ಧರ್ಧ ಹಕ್ಕು. ಇಲ್ಲಿಯ ಹೆಣ್ಣು ಅಲ್ಲಿಗೆ, ಅಲ್ಲಿಯ ಹೆಣ್ಣು ಇಲ್ಲಿಗೆ ಬಂದ ಮನೆಗಳು ಎಷ್ಟೋ. ಮದುವೆ ಮಾತುಕತೆಗೆ ಸರ್‌ನ ಕರೆಯೋದು ಊಟಕ್ಕೆ ಮಾತ್ರ ಅಲ್ಲ ಅಂತ ಆಂಟಿ ನಕ್ಕರು. ಕ್ರೈಸ್ತರು ಮದುವೆಗೆ ಮುಂಚೆ ಬರೆದ ಉಯಿಲು ಮದುವೆಯಾದ ಮೇಲೆ ರದ್ದಾಗುತ್ತೆ ಅನ್ನೋದನ್ನ ಎಷ್ಟು ಗಂಡುಗಳಿಗೆ ಹೇಳಿ ಹೊಸದಾಗಿ ಬರೆಸಿದ್ದಾರೋ.

ಅವತ್ತೇ ಬೆಳಿಗ್ಗೆ ಫೋನಿನಲ್ಲಿ ಸುದ್ದಿ ಓದಿದ್ದೆ. ಬ್ಯಾಂಕ್ ಠೇವಣಿಗೆ ಇನ್ನು ಮೇಲೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, 2025ರ ನವೆಂಬರ್ 1ರಿಂದಲೇ ಜಾರಿ. ಆಂಟಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದರು. "ಅವರಿದ್ದಿದ್ರೆ ಇವತ್ತು ಊಟಕ್ಕೂ ಬರ್ತಿರಲಿಲ್ಲ, ಊರೆಲ್ಲ ಸುತ್ತೋರು" ಅಂದರು.

ಮಧ್ಯಾಹ್ನ ಬೈತಖೋಲ್ ಬಂದರಿಗೆ ಹೋದೆವು. ದೋಣಿಗಳು ಬಂದು ನಿಂತಿದ್ದವು, ಬಂಗುಡೆ ಇಳಿಸುತ್ತಿದ್ದರು. ಸಂಜೆ ಹೊತ್ತು ಸರ್ ಇಲ್ಲಿಯ ಕಟ್ಟೆ ಮೇಲೆ ಕೂರುತ್ತಿದ್ದರು. ಹಿಂದೆ ಈ ಕರಾವಳಿಯಲ್ಲಿ ರಾಂಪಣಿ ಅನ್ನೋ ದೊಡ್ಡ ಬಲೆಯನ್ನ ದಡಕ್ಕೆ ಎಳೆಯೋವಾಗ ಊರಿಗೆ ಊರೇ ಸೇರುತ್ತಿತ್ತು. ಸಿಕ್ಕ ಮೀನಿನಲ್ಲಿ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಅಂತ ದಡದಲ್ಲೇ ಪಾಲು. ಯಾಂತ್ರಿಕ ದೋಣಿಗಳು ಬಂದ ಮೇಲೆ ಅದು ಹೋಯಿತು. ತಾನು ಕಲಿತ ಮೊದಲ ಲೆಕ್ಕ ಆ ಪಾಲು ಹಂಚಿಕೆ, ಎಲ್ಲರ ಎದುರಿಗೆ ಮಾಡೋ ಲೆಕ್ಕಕ್ಕಿಂತ ಒಳ್ಳೆ ಆಡಿಟ್ ಇಲ್ಲ ಅಂತ ಸರ್ ನಮಗೆ ಹೇಳಿದ್ದರು. ಅಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬರು ಅವರ ವಿಷಯ ತೆಗೆದ ಕೂಡಲೇ ಸೂಜಿ ಕೆಳಗಿಟ್ಟರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಮನೆ ನಡೆಸೋಕೆ ಸರ್ಕಾರದ ಉಳಿತಾಯ ಪರಿಹಾರ ಯೋಜನೆ ಇದೆ. ಮೀನುಗಾರ ಕಂತಿನಲ್ಲಿ 1500 ರೂಪಾಯಿ ಕಟ್ಟಿದರೆ ಕೇಂದ್ರ ಮತ್ತು ರಾಜ್ಯ ಸೇರಿ 3000 ಹಾಕಿ 4500 ವಾಪಸ್ ಕೊಡುತ್ತವೆ. "ನಮಗೆ ಕೇಳೋಕೆ ನಾಚಿಕೆ. ಬ್ಯಾಂಕಿನೊಳಗೆ ಹೋದ್ರೆ ಮೀನಿನ ವಾಸನೆ ಅಂತಾರೆ ಅಂತ. ಅವರು ಇಲ್ಲೇ ಬಂದು ಕೂತು ಹೇಳಿದ್ರು. ಪಾಸ್‌ಬುಕ್ ಓದೋಕೆ ಕಲಿಸಿದ್ರು" ಅಂದರು ಆತ.

ನಾಚಿಕೆ. ಈ ಮಾತು ಆಮೇಲೂ ಹೋದಲ್ಲೆಲ್ಲ ಕೇಳಿಸಿತು. ದುಡ್ಡಿನ ವಿಷಯ ಗೊತ್ತಿಲ್ಲ ಅಂತ ಹೇಳಿಕೊಳ್ಳೋಕೆ ನಮ್ಮ ಜನಕ್ಕೆ ಇರೋ ನಾಚಿಕೆ ಬಡತನಕ್ಕಿಂತ ದೊಡ್ಡ ಕಷ್ಟ ಅಂತ ನನಗೆ ಅನ್ನಿಸುತ್ತದೆ. ಸರ್ ಹತ್ತಿರ ಅದು ಉಳಿಯುತ್ತಿರಲಿಲ್ಲ. ಅವರು ಮೊದಲು ಮಗಳ ಓದು, ಕಾಲುನೋವು, ಹಬ್ಬದ ಅಡುಗೆ ಎಲ್ಲ ಮಾತಾಡುತ್ತಿದ್ದರು. ಅರ್ಧ ಗಂಟೆ ಆದ ಮೇಲೆ ಎದುರಿನವರೇ ಚೀಲದಿಂದ ಕಾಗದ ತೆಗೆಯುತ್ತಿದ್ದರು.

ಸಂಜೆ ಕ್ಯಾಥೆಡ್ರಲ್. ಮರಿಯಮ್ಮನವರ ಸ್ವರ್ಗಾರೋಹಣದ ಹೆಸರಿನ ಚರ್ಚ್. 1976ರಲ್ಲಿ ಕಾರವಾರ ಬೇರೆ ಧರ್ಮಪ್ರಾಂತ್ಯ, ಅಂದರೆ ತನ್ನದೇ ಬಿಷಪ್ ಇರೋ ಪ್ರದೇಶ ಆಯಿತು, ಉತ್ತರ ಕನ್ನಡ ಜಿಲ್ಲೆ ಅದರ ವ್ಯಾಪ್ತಿ. ಹಬ್ಬದ ಪೂಜೆಗೆ ಜನ ತುಂಬಿದ್ದರು. ನಾವು ಹಿಂದಿನ ಬೆಂಚಿನಲ್ಲಿ ಕೂತೆವು. ಕೊಂಕಣಿ ಹಾಡು ಅರ್ಥ ಆಗದಿದ್ದರೂ ಸರ್ ದನಿ ಎಲ್ಲಿ ಸೇರುತ್ತಿತ್ತು ಅಂತ ಗೊತ್ತಾಯಿತು. ತಂಪಾದ ದಪ್ಪ ದನಿ ಅವರದು, ಆಫೀಸಿನ ಕ್ರಿಸ್‌ಮಸ್‌ನಲ್ಲಿ ಕೇಳಿದ್ದು.

ಪೂಜೆ ಮುಗಿದ ಮೇಲೆ ಅವರ ಕೊಯರ್ ಗೆಳೆಯರೊಬ್ಬರು ನಮ್ಮನ್ನ ಅಂಗಳದ ಬದಿಗೆ ಕರೆದುಕೊಂಡು ಹೋದರು. ಪ್ರತಿ ಧರ್ಮಕೇಂದ್ರದಲ್ಲೂ, ಅಂದರೆ ಒಂದೊಂದು ಊರ ಚರ್ಚಿನ ಸಮುದಾಯದಲ್ಲೂ, ಹಣಕಾಸು ಸಮಿತಿ ಇರಲೇಬೇಕು ಅಂತ ಕಥೋಲಿಕ ಚರ್ಚಿನ 1983ರ ಕಾನೂನು ಸಂಹಿತೆ ಹೇಳುತ್ತದೆ. ಸಮಿತಿ ಅಂದರೆ ವರ್ಷಕ್ಕೊಮ್ಮೆ ಸಹಿ ಹಾಕೋದು ಅಂತ ಎಷ್ಟೋ ಕಡೆ ತಿಳಿದಿರುತ್ತಾರೆ. ಸರ್ ಯಾವ ಸಮಿತಿಗೆ ಹೋದರೂ ಲೆಕ್ಕವನ್ನ ಓದೋ ಹಾಗೆ ಬರೆಯಿರಿ ಅಂತ ಹಟ ಹಿಡಿಯೋರಂತೆ. "ಇತರೆ ಖರ್ಚು" ಅನ್ನೋ ಸಾಲು ಅವರಿಗೆ ಆಗದು. ಮೇಣದಬತ್ತಿಗೆ ಎಷ್ಟು, ಹೂವಿಗೆ ಎಷ್ಟು, ಮೈಕಿನ ರಿಪೇರಿಗೆ ಎಷ್ಟು ಅಂತ ಬಿಡಿಸಿ ಹಾಕಬೇಕು. ಹತ್ತು ರೂಪಾಯಿ ಕಾಣಿಕೆ ಹಾಕಿದ ಅಜ್ಜಿಯೂ ಅದನ್ನ ನಿಂತು ಓದಬೇಕು. ನಮ್ಮ ಕಂಪನಿಯಲ್ಲೂ ಅವರು "ಇತರೆ" ಸಾಲಿಗೆ ಕೆಂಪು ಸುತ್ತು ಹಾಕುತ್ತಿದ್ದದ್ದು ನಮಗೆ ಮೂವರಿಗೂ ಒಟ್ಟಿಗೇ ನೆನಪಾಯಿತು.

ಭಾನುವಾರ

ಬೆಳಿಗ್ಗೆ ಸ್ಮಶಾನ. ಹಿಂದಿನ ದಿನವೇ ಮನೆಯವರೆಲ್ಲ ಬಂದು ಸಮಾಧಿಗಳ ಸುತ್ತ ಹುಲ್ಲು ಕಿತ್ತು, ಸುಣ್ಣ ಬಳಿದು ಹೋಗಿದ್ದರು. ಸೇವಂತಿಗೆ, ಅಬ್ಬಲಿಗೆ, ಎಲ್ಲೆಲ್ಲೂ ಮೇಣದ ಬತ್ತಿ. ಗಾಳಿಗೆ ಆರಿದರೆ ಪಕ್ಕದ ಸಮಾಧಿಯವರು ತಮ್ಮ ಬತ್ತಿಯಿಂದ ಹಚ್ಚಿಕೊಡುತ್ತಿದ್ದರು. ಫಾದರ್ ನೇರಳೆ ಬಣ್ಣದ ಉಡುಪಿನಲ್ಲಿ ಪ್ರಾರ್ಥನೆ ಹೇಳುತ್ತ, ಪವಿತ್ರ ನೀರು ಚಿಮುಕಿಸುತ್ತ ಸಾಲು ಸಾಲಾಗಿ ಬಂದರು.

ಸರ್ ಸಮಾಧಿ ಇನ್ನೂ ಮಣ್ಣಿನದೇ. ಕಲ್ಲು ಕಟ್ಟಿಸೋದು ವರ್ಷ ಕಳೆದ ಮೇಲೆ. ಒಂದು ಮರದ ಶಿಲುಬೆ, ಹೆಸರು, ಎರಡು ಇಸವಿ. ನಾನು ಮಂಡ್ಯ ಕಡೆಯವನು, ನಮ್ಮಲ್ಲಿ ಈ ರೂಢಿಗಳಿಲ್ಲ. ಏನು ಮಾಡಬೇಕು ಅಂತ ತಿಳಿಯದೆ ನಿಂತಾಗ ಆಂಟಿ ಕೈಗೆ ಬತ್ತಿ ಕೊಟ್ಟು, "ನಿಮ್ಮ ದೇವರಿಗೆ ಹೇಳೋ ಹಾಗೇ ಹೇಳಿ" ಅಂದರು. ಹೇಳಿದೆ. ಅಪ್ಪ ಹೋದಾಗ ನನ್ನ ಕೈಲಿ ಏನೂ ಇಲ್ಲದಿದ್ದಾಗ ಸಂಬಳದ ಮುಂಗಡ ಕೊಡಿಸಿ, ಅದರ ಜೊತೆ ಊರಿಗೇ ಬಂದು, ನಮ್ಮ ಜಗುಲಿಯ ಮೇಲೆ ಕೂತು, ಅಮ್ಮನಿಗೆ ಅಪ್ಪನ ವಿಮೆ ಕಾಗದ ಹುಡುಕಿ ಕೊಟ್ಟವರು ಅವರು. ಅಮ್ಮ ಈಗಲೂ ಅವರನ್ನ "ಆ ಚರ್ಚಿನ ಅಣ್ಣ" ಅನ್ನುತ್ತಾಳೆ. ಅದನ್ನೆಲ್ಲ ಅಲ್ಲಿ ನಿಂತು ಹೇಳಿದೆ. ಕಣ್ಣು ತುಂಬಿ ಬಂತು. ನಮ್ಮ ಮೂವರ ಪಕ್ಕದಲ್ಲಿ ಸಾಲಾಗಿ ನಿಂತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಚರ್ಚಿನವರಲ್ಲ. ಮೀನು ಮಾರುವವರು, ಆಟೋದವರು, ಒಬ್ಬ ಮುಸ್ಲಿಂ ಹಣ್ಣಿನ ವ್ಯಾಪಾರಿ.

ಮಧ್ಯಾಹ್ನ ಆಂಟಿ ಮನೆಯಲ್ಲೇ ಊಟ. ತಿಸ್ರೆ ಸುಕ್ಕ, ಅನ್ನ, ಸೋಲ್ ಕಡಿ. ಊಟಕ್ಕೆ ಹದಿನೈದು ಇಪ್ಪತ್ತು ಜನ. ಸರ್ ಇದ್ದಾಗ ಭಾನುವಾರ ಹೀಗೇ, ಅಡುಗೆ ಪಾತ್ರೆ ಸಣ್ಣದು ಆ ಮನೆಯಲ್ಲಿ ಇಲ್ಲವೇ ಇಲ್ಲ.

ಮೂರರ ಹೊತ್ತಿಗೆ ತೋಡೂರಿಗೆ ಹೊರಟೆವು. ಸುರಂಗ ದಾಟಿ ಬಿಣಗಾ, ಅರಗಾ. ಬಲಕ್ಕೆ ಸಮುದ್ರ ಇರಬೇಕಾದ ಕಡೆ ಉದ್ದಕ್ಕೂ ನೌಕಾನೆಲೆಯ ಗೋಡೆ. ಸೀಬರ್ಡ್ ಅನ್ನೋ ಈ ನೌಕಾನೆಲೆ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ನೆಲೆ ಐಎನ್ಎಸ್ ಕದಂಬ ಅನ್ನೋ ಹೆಸರಲ್ಲಿ ಶುರುವಾಯಿತು. ನಡುವಿನ ವರ್ಷಗಳಲ್ಲಿ ಇಲ್ಲಿಯ ಹಳ್ಳಿಗಳ ಜನ ಗದ್ದೆ, ಮನೆ, ಮೀನು ಹಿಡಿಯೋ ದಡ ಎಲ್ಲ ಬಿಟ್ಟು ತೋಡೂರಿನಂಥ ಪುನರ್ವಸತಿ ಕಾಲೋನಿಗಳಿಗೆ ಬಂದರು. ಪರಿಹಾರ ಕಡಿಮೆ ಆಯಿತು ಅಂತ ಕೋರ್ಟಿಗೆ ಹೋದರು. ಹೆಚ್ಚಿನ ಪರಿಹಾರ ಮಂಜೂರಾಗಿ, ಬಡ್ಡಿ ಸೇರಿ ಹಣ ಕೈಗೆ ಬರುವಾಗ ಎಷ್ಟೋ ಮನೆಗಳಲ್ಲಿ ಜಮೀನು ಬಿಟ್ಟ ಹಿರಿಯರೇ ಇರಲಿಲ್ಲ.

ಕಾಲೋನಿಯಲ್ಲಿ ಒಬ್ಬ ಅಜ್ಜ ನಮಗಾಗಿ ಕಾಯುತ್ತಿದ್ದರು. ಸರ್ ಹೇಗೆ ಪರಿಚಯ ಅಂತ ಕೇಳಿದೆ. ಇಬ್ಬರೂ ಒಂದೇ ಸೆಲೂನಿಗೆ ಹೋಗುತ್ತಿದ್ದರಂತೆ. ಅಲ್ಲಿ ಮಾತಿಗೆ ಮಾತು ಬೆಳೆದು, ಪರಿಹಾರದ ಬಡ್ಡಿಯಲ್ಲಿ ಸರ್ಕಾರ ದುಡ್ಡು ಹಿಡಿದುಕೊಂಡಿದೆ ಅಂತ ಅಜ್ಜ ಹೇಳಿದರು. "ಹೋದದ್ದು ಹೋಯ್ತು ಅಂದ್ಕೊಂಡಿದ್ದೆ. ಅದು ಹೋಗಿಲ್ಲ, ಕೇಳಿದ್ರೆ ವಾಪಸ್ ಬರುತ್ತೆ ಅಂದ್ರು."

ಅದು ಟಿಡಿಎಸ್. ಬಡ್ಡಿ ಕೊಡೋವಾಗಲೇ ತೆರಿಗೆ ಕಡಿದುಕೊಳ್ಳುತ್ತಾರೆ. ಪ್ಯಾನ್ ಇದ್ದವರಿಗೆ ಶೇಕಡಾ 10, ಇಲ್ಲದವರಿಗೆ 20. ಕಾಲೋನಿಯಲ್ಲಿ ಎಷ್ಟೋ ಜನಕ್ಕೆ ಪ್ಯಾನ್ ಕಾರ್ಡೇ ಇರಲಿಲ್ಲ. ನಿಜಕ್ಕೂ ಕಾನೂನು ಏನು ಹೇಳುತ್ತೆ? ಹಳ್ಳಿಯ ಕೃಷಿ ಜಮೀನಿನ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಹೆಚ್ಚುವರಿ ಪರಿಹಾರದ ಬಡ್ಡಿಗೆ ತೆರಿಗೆ ಇದೆ, ಅದು ಕೈಗೆ ಬಂದ ವರ್ಷದ ಆದಾಯ. ಆದರೆ ಅದರಲ್ಲಿ ಅರ್ಧ ಕಳೆದು ಉಳಿದ ಅರ್ಧಕ್ಕೆ ಮಾತ್ರ. ಬೇರೆ ಆದಾಯ ಇಲ್ಲದ ವಯಸ್ಸಾದವರಿಗೆ ಹಾಗೆ ಲೆಕ್ಕ ಹಾಕಿದರೆ ಕಟ್ಟಬೇಕಾದ ತೆರಿಗೆ ಎಷ್ಟೋ ಸಲ ಸೊನ್ನೆ. ಕಡಿದುಕೊಂಡಿದ್ದು ಪೂರ್ತಿ ವಾಪಸ್. ಅದಕ್ಕೆ ರಿಟರ್ನ್ ಹಾಕಬೇಕು ಅಷ್ಟೇ. ಆ "ಅಷ್ಟೇ" ಅನ್ನೋದನ್ನ ಹೇಳುವವರು ಬೇಕಿತ್ತು.

ಸರ್ ವಾರಕ್ಕೆ ಎರಡು ದಿನ ಬಸ್ ಹತ್ತಿ ಇಲ್ಲಿಗೆ ಬರುತ್ತಿದ್ದರು. ಇದೇ ಜಗುಲಿ, ಒಂದು ಪ್ಲಾಸ್ಟಿಕ್ ಮೇಜು, ಲ್ಯಾಪ್‌ಟಾಪ್. ಫೀಸು ಅಂತ ಕೇಳಿದರೆ ಚಹಾ ಸಾಕು ಅನ್ನೋರಂತೆ. ರೀಫಂಡ್ ಬಂದ ಹಣದಲ್ಲಿ ಒಬ್ಬರು ಚರ್ಚಿಗೆ ಕಾಣಿಕೆ ಕೊಡೋಕೆ ಬಂದಾಗ, "ನೀವು ಹೋಗೋ ದೇವಸ್ಥಾನಕ್ಕೆ ಕೊಡಿ, ನಮ್ಮ ಲೆಕ್ಕಕ್ಕೆ ನಾನು ಹಾಕ್ತೀನಿ" ಅಂದರಂತೆ. ಅಜ್ಜ ಒಳಗಿಂದ ರಟ್ಟಿನ ಪೆಟ್ಟಿಗೆ ತಂದು ಅಂಚೆಯಲ್ಲಿ ಬಂದಿದ್ದ ತೆರಿಗೆ ಇಲಾಖೆಯ ಕಾಗದ ತೋರಿಸಿದರು. ಯಾವ ಅಂಕಿ ಏನು ಅಂತ ಬೆರಳಿಟ್ಟು ನನಗೇ ವಿವರಿಸಿದರು. ಎಲ್ಲ ಸರಿಯಾಗಿ ಹೇಳಿದರು. ಒಂದೂ ತಪ್ಪಲಿಲ್ಲ.

ವಾಪಸ್ ಬರುವಾಗ ಕಾಳಿ ನದಿ ಹತ್ತಿರ ನಿಂತೆವು. ಆಚೆ ದಡದಲ್ಲಿ ಸದಾಶಿವಗಡ. ಮೊದಲು ಸೇತುವೆ ಇಲ್ಲದ ಕಾಲದಲ್ಲಿ ಕೋಡಿಬಾಗದಿಂದ ದೋಣಿ ಹತ್ತಿಯೇ ದಾಟಬೇಕಿತ್ತು, ಆ ದೋಣಿಯಲ್ಲೇ ಅರ್ಧ ಊರು ಪರಿಚಯ ಆಯಿತು ಅಂತ ಸರ್ ಹೇಳೋರು. ಆಮೇಲೆ ಬಂದ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಒಂದು ಲಾರಿ ನದಿಗೆ ಬಿದ್ದು, ಚಾಲಕ ಬದುಕಿ ಬಂದ. ಬೆಳಗಾಗೋದರೊಳಗೆ ಸರ್ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ದಡಕ್ಕೆ ಹೋಗಿದ್ದರಂತೆ, ರಕ್ಷಣೆಗೆ ಬಂದ ಮೀನುಗಾರರಿಗೆ ಕೊಡೋಕೆ. ಅವರು ಆಗಲೇ ಎರಡು ಸಲ ಹೃದಯದ ಆಸ್ಪತ್ರೆ ನೋಡಿ ಬಂದಿದ್ದರು.

ಸೋಮವಾರ

ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಶಿರಸಿಗೆ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಅಲ್ಲಿಂದ ಶಿರಸಿ. ದಾರಿ ಬಗ್ಗೆ ಹೇಳೋದು ಹೆಚ್ಚಿಲ್ಲ, ಲಾರಿಗಳ ಹಿಂದೆ ನಿಧಾನವಾಗಿ ಬಂದೆವು.

ಸರ್ ಶಿರಸಿಗೆ ಬಂದಿದ್ದು 1983ರಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಾಡಿನಲ್ಲಿ ಕಾಡು ಕಡಿಯೋದನ್ನ ತಡೆಯೋಕೆ ಜನ ಮರ ಅಪ್ಪಿಕೊಂಡು ಅಪ್ಪಿಕೋ ಚಳವಳಿ ಶುರುವಾಯಿತು. ಸಾಲ ಕೊಡೋಕೆ ತೋಟ ನೋಡಲು ಹೋದ ಹೊಸ ಆಫೀಸರ್‌ಗೆ ಅಡಿಕೆ, ಕಾಳುಮೆಣಸು, ಬೆಟ್ಟದ ಸೊಪ್ಪು ಎಲ್ಲ ಒಂದಕ್ಕೊಂದು ಹೆಣೆದುಕೊಂಡಿದೆ, ಬೆಟ್ಟ ಹೋದರೆ ತೋಟಕ್ಕೆ ಗೊಬ್ಬರ ಇಲ್ಲ, ಸಾಲ ತೀರೋದೂ ಇಲ್ಲ ಅಂತ ಅರ್ಥವಾಗಿದ್ದು ಇಲ್ಲಿ.

ಪೇಟೆಯಲ್ಲಿ ತೋಟಗಾರರ ಮಾರಾಟ ಸಂಘದ ಅಂಗಳಕ್ಕೆ ಹೋದೆವು. ಟಿಎಸ್ಎಸ್ ಅಂದರೆ ಎಲ್ಲರಿಗೂ ಗೊತ್ತು, 1923ರಲ್ಲಿ ಹುಟ್ಟಿದ್ದು. ಅಡಿಕೆ ಮೂಟೆ ಬಿಚ್ಚಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಬೇರೆ ಬೇರೆ ಸುರಿದಿರುತ್ತಾರೆ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸರ್ ಜೊತೆ ಹರಟುತ್ತಿದ್ದ ಹಳೇ ಬೆಳೆಗಾರರೊಬ್ಬರು ಅಲ್ಲಿಂದಲೇ ನಮ್ಮನ್ನ ಮನೆಗೆ ಕರೆದೊಯ್ದರು. ಶಿರಸಿ ಹೊರಗೆ, ತೋಟದ ತಲೆಯ ಮೇಲೆ ಮನೆ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಊಟ ಮುಗಿಯುವಾಗ ಮೂರು ಗಂಟೆ.

ಅವರು ಹೇಳಿದ್ದು: ಚಾಲಿಗೆ ದರ ಏರುತ್ತೆ ಅಂತ ಎಲ್ಲರೂ ಅಟ್ಟದಲ್ಲಿ ಇಟ್ಟುಕೊಂಡು ಕಾಯೋರು, ಅದರ ಮೇಲೆ ಸಾಲ ತೆಗೆದು ಮನೆ ನಡೆಸೋರು. ಸರ್ ಬಂದು ಕಾಗದದ ಮೇಲೆ ಬರೆದರು. ಕ್ವಿಂಟಲ್‌ಗೆ 30,000 ಸಾಲ, ನೂರಕ್ಕೆ ವರ್ಷಕ್ಕೆ 12 ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 300. ಆರು ತಿಂಗಳಿಗೆ 1800. ಜೊತೆಗೆ ಒಣಗಿ ತೂಕ ಇಳಿಯುತ್ತೆ, ಎರಡು ಕಿಲೋ ಇಳಿದರೂ ಕಡಿಮೆ ಅಂದರೂ ಇನ್ನೊಂದು 600. ದರ ಅಷ್ಟಕ್ಕಿಂತ ಜಾಸ್ತಿ ಏರಿದರೆ ಮಾತ್ರ ಕಾದದ್ದಕ್ಕೆ ಲಾಭ. "ಮಾರಿ ಅಂತಲೂ ಹೇಳಲಿಲ್ಲ, ಇಡಿ ಅಂತಲೂ ಹೇಳಲಿಲ್ಲ. ಲೆಕ್ಕ ಕೊಟ್ಟು ಎದ್ದು ಹೋದ್ರು. ಆಮೇಲಿಂದ ನಾನೇ ಹಾಕ್ಕೊಳ್ತೀನಿ."

ಇನ್ನೊಂದು ವಿಷಯ ಅವರು ಹೇಳಿದ್ದು ನನಗೆ ಬಹಳ ಮುಖ್ಯ ಅನ್ನಿಸಿತು. ನಿವೃತ್ತಿ ಆದ ಮೇಲೂ ಸರ್ ಶಿರಸಿಗೆ ಬಂದಾಗೆಲ್ಲ, ಠೇವಣಿ ಇಟ್ಟವರನ್ನ "ಬ್ಯಾಂಕೋ, ಪತ್ತಿನ ಸಂಘವೋ?" ಅಂತ ಕೇಳೋರು. ಬ್ಯಾಂಕ್ ಆದರೆ, ಸಹಕಾರಿ ಬ್ಯಾಂಕ್ ಆದರೂ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರವರೆಗೆ ಅದು 1 ಲಕ್ಷ ಇತ್ತು. ಪತ್ತಿನ ಸಂಘಗಳಿಗೆ ಆ ವಿಮೆ ಇಲ್ಲ. ಬಡ್ಡಿ ಒಂದು ರೂಪಾಯಿ ಜಾಸ್ತಿ ಅಂತ ಮಗಳ ಮದುವೆ ದುಡ್ಡು ಪೂರ್ತಿ ಒಂದೇ ಕಡೆ ಇಡಬೇಡಿ ಅಂತ ಪ್ರತಿ ಮನೆಯಲ್ಲೂ ಹೇಳಿ ಹೋದವರು. ಈ ಜಿಲ್ಲೆಯಲ್ಲಿ ಸಹಕಾರ ಅನ್ನೋದು ಜನರ ಉಸಿರು, ಅವರೂ ಅದನ್ನ ಪ್ರೀತಿಸುತ್ತಿದ್ದರು. ಪ್ರೀತಿಸಿದ್ದಕ್ಕೇ ಕೇಳುತ್ತಿದ್ದರು.

ಹೊರಡೋಕೆ ಎದ್ದಾಗ ಬೆಳೆಗಾರರು ಕಪಾಟಿನಿಂದ ಒಂದು ಠೇವಣಿ ರಸೀದಿ ತೆಗೆದರು. "ನಾಲ್ಕು ಜನರ ಹೆಸರು ಹಾಕಬಹುದು ಅಂತ ಮೊನ್ನೆ ಪೇಪರಿನಲ್ಲಿ ಬಂತು. ಅವರಿದ್ದಿದ್ರೆ ಫೋನ್ ಮಾಡ್ತಿದ್ದೆ. ನೀವು ಹೇಳಿ." ನಮ್ಮ ರಾತ್ರಿ ಬಸ್ಸಿಗೆ ಇನ್ನೂ ಸಮಯವಿತ್ತು. ಮತ್ತೆ ಚಾಪೆ ಹಾಸಿ ಕೂತೆವು. ನಾಲ್ವರಿಗೂ ಒಟ್ಟಿಗೆ ಪಾಲು ಹಾಕಬಹುದು, ಶೇಕಡಾ ಇಷ್ಟಿಷ್ಟು ಅಂತ ಬರೆದು ಕೂಡಿದರೆ 100 ಆಗಬೇಕು. ಇಲ್ಲ ಒಬ್ಬರಾದ ಮೇಲೆ ಒಬ್ಬರು ಅಂತಲೂ ಬರೆಯಬಹುದು. ಅವರು ಹೆಂಡತಿಗೆ 40, ಮೂವರು ಹೆಣ್ಣುಮಕ್ಕಳಿಗೆ 20, 20, 20 ಅಂತ ಬೇರೆ ಹಾಳೆಯಲ್ಲಿ ಬರೆದರು. ಕೂಡಿ ನೋಡಿ, ಸರಿ ಅಂದರು.

ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲೇ ಕೂತರು. "ನನಗೂ ಓದಿ ಹೇಳಿ. ನನ್ನ ಹೆಸರಲ್ಲೂ ಒಂದಿದೆ. ಮತ್ತೆ ಲಾಕರ್‌ಗೆ ಹೇಗೆ, ಅದಕ್ಕೂ ನಾಲ್ಕು ಜನರಿಗೆ ಪಾಲು ಹಾಕಬಹುದಾ?" ಅಂದರು. ಲಾಕರ್‌ಗೆ ಪಾಲು ಆಗೋದಿಲ್ಲ, ಒಬ್ಬರ ನಂತರ ಒಬ್ಬರು ಅಂತ ಮಾತ್ರ ಹೆಸರು ಕೊಡಬಹುದು ಅಂತ ಹೇಳಿದೆ. "ಹಾಗಾದ್ರೆ ಮೊದಲು ದೊಡ್ಡವಳ ಹೆಸರು" ಅಂತ ಅವರೇ ಪೆನ್ನು ತೆಗೆದುಕೊಂಡು ಬರೆಯತೊಡಗಿದರು.